ಅರ್ಧ ಕಿಲೊ ಜೋಳದ ಜಗಳ

ಬೆಟಗೇರಿಯಲ್ಲಿ ಗಂಡ ಹೆಂಡಿರು ಮನೆಯೊಳಗೆ ಜಗಳಾಡುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಅತ್ತೆಯರ ಬಾಯಿಂದ ಸೊಸೆಯರ ತವರಿನ ಬಗ್ಗೆ ಒಂದು ಕೆಟ್ಟ ಮಾತು ಬಂದಿರಲಿಲ್ಲ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳಲು ಕೂತರೆ ದೊಡ್ಡ ಕೋಣೆ ನಿನಗಿರಲಿ, ಇಲ್ಲ ನಿನಗಿರಲಿ ಎಂದು ಮಧ್ಯಾಹ್ನದವರೆಗೂ ಉಪಚಾರ ನಡೆಯುತ್ತಿತ್ತು. ಇದು ಯಾವ ಸ್ವಾಮಿಗಳ ಪ್ರವಚನದಿಂದ ಆದದ್ದೂ ಅಲ್ಲ. ಗೋಡೆಗೆ ಸಿಕ್ಕಿಸಿದ, ರೊಟ್ಟಿಯಷ್ಟು ಅಗಲದ ಒಂದು ಬಿಳಿ ತಟ್ಟೆಯಿಂದ ಆದದ್ದು. ಅದರ ಹೆಸರು ಓಗೊ.

ಓಗೊ ಎಂದು ಕರೆದರೆ ಅದು ಓ ಎನ್ನುತ್ತಿತ್ತು. ದೀಪ ಹಚ್ಚು ಎಂದರೆ ಹಚ್ಚುತ್ತಿತ್ತು, ಕಿರಾಣಿ ತರಿಸು ಎಂದರೆ ತರಿಸುತ್ತಿತ್ತು, ನಲ್ಲಿಗೆ ನೀರು ಯಾವಾಗ ಬರುತ್ತದೆ ಎಂದರೆ ಗೊತ್ತಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತಿತ್ತು. ಯಾರು ಯಾವಾಗ ಕರೆಯುತ್ತಾರೋ ತಿಳಿಯದ್ದರಿಂದ ಅದು ಇಡೀ ದಿನ ಕಿವಿ ತೆರೆದೇ ಇರಬೇಕಾಗುತ್ತದೆ ಎಂದು ಕಂಪನಿಯವರು ಹೇಳಿದಾಗ ಜನರಿಗೆ ಅದು ನ್ಯಾಯವಾಗಿಯೇ ಕಂಡಿತ್ತು. ಹೇಗೂ ಕೇಳಿಸಿಕೊಳ್ಳುತ್ತದಲ್ಲ, ಕೇಳಿದ್ದನ್ನು ಸುಮ್ಮನೆ ಹಾಳು ಮಾಡುವುದೇಕೆ ಎಂದು ಆಮೇಲೆ ಕಂಪನಿಯವರು ಪ್ರತಿ ಮನೆಗೆ ಒಂದು ಬಣ್ಣ ಕೊಡತೊಡಗಿದರು. ಶಾಂತಿ, ಆರೋಗ್ಯ, ಸತ್ಯ ಮೂರೂ ಇದ್ದ ಮನೆ ಹಸಿರು. ಸ್ವಲ್ಪ ಕೂಗಾಟ, ಕೆಮ್ಮು, ಅಳು ಇದ್ದರೆ ಹಳದಿ. ಕೆಂಪಿನ ಮಾತು ಬೇಡ. ಆಸ್ಪತ್ರೆಯವರು ಬಣ್ಣ ಕೇಳಿದರು, ಬಾಡಿಗೆಗೆ ಮನೆ ಕೊಡುವವರು ಕೇಳಿದರು, ಕಾಲೇಜಿನವರು ಕೇಳಿದರು. ಒಂದೇ ವರ್ಷದಲ್ಲಿ ಜಾತಕ ಕೇಳುವವರು ಕಡಿಮೆಯಾದರು.

ಇನ್ನೊಂದು ತೊಡಕಿತ್ತು. ಓಗೊ ಕನ್ನಡ ಕಲಿತದ್ದು ಶಾಲೆಯ ಪುಸ್ತಕಗಳಿಂದ ಮತ್ತು ರೇಡಿಯೊ ವಾರ್ತೆಯಿಂದ. ಬೆಟಗೇರಿಯವರು ಪ್ರೀತಿಯಿಂದ ಮಾತಾಡಿದರೂ ಅದಕ್ಕೆ ಕೊಲೆ ಬೆದರಿಕೆಯಂತೆ ಕೇಳಿಸುತ್ತಿತ್ತು. ಹಾಗಾಗಿ ಜನ ಮನೆ ಹೊಸ್ತಿಲು ದಾಟಿ ಒಳಗೆ ಬರುವಾಗ ಚಪ್ಪಲಿಯ ಜೊತೆ ತಮ್ಮ ಭಾಷೆಯನ್ನೂ ಹೊರಗೆ ಬಿಟ್ಟು ಬರುವುದನ್ನು ರೂಢಿ ಮಾಡಿಕೊಂಡರು.

ಫಕ್ಕೀರಪ್ಪ ಹುಯಿಲಗೋಳ ದಿನವೂ ಊಟಕ್ಕೆ ಕೂತಾಗ ಗೋಡೆಯ ಕಡೆ ಒಮ್ಮೆ ನೋಡಿ, “ಶ್ರೀಮತಿಯವರೇ, ಇಂದಿನ ಬದನೆಕಾಯಿ ಪಲ್ಯ ಅತ್ಯಂತ ರುಚಿಕರವಾಗಿದೆ” ಎನ್ನುತ್ತಿದ್ದ.

“ಧನ್ಯವಾದಗಳು. ಇನ್ನೊಂದು ರೊಟ್ಟಿ ಸ್ವೀಕರಿಸುವಿರಾ?” ಎನ್ನುತ್ತಿದ್ದಳು ಹೆಂಡತಿ ದ್ರಾಕ್ಷಾಯಣಿ.

ಪಲ್ಯ ಹೊತ್ತಿ ಕರಕಾಗಿರುತ್ತಿತ್ತು. ಒಲೆಯ ಮುಂದೆ ನಿಂತವಳು ನಡುವೆ ಉಸಿರು ಸಿಗದೆ ಗೋಡೆ ಹಿಡಿದು ಕೂತುಬಿಡುತ್ತಿದ್ದಳು, ಅಷ್ಟರಲ್ಲಿ ಹೊತ್ತುತ್ತಿತ್ತು. ಫಕ್ಕೀರಪ್ಪ ಕರಕನ್ನು ಸದ್ದಾಗದಂತೆ ಅಗಿದು ನುಂಗುತ್ತಿದ್ದ.

ಅವಳ ಗುಂಡಿಗೆಯ ಒಂದು ವಾಲ್ವು ಕೆಟ್ಟಿತ್ತು. ವರ್ಷದೊಳಗೆ ಆಪರೇಷನ್ ಆಗಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಹಸಿರು ಮನೆಗೆ ಕಂಪನಿ ಕೊಡುವ ಕಾರ್ಡು ಇದ್ದವರಿಗೆ ಅದು ಪುಕ್ಕಟೆ. ಕರಾರು ಎರಡೇ: ಕಾರ್ಡು ಕೈಗೆ ಬಂದ ಮೇಲೆ ಮನೆ ಹನ್ನೆರಡು ತಿಂಗಳು ಒಂದೇ ಸಮ ಹಸಿರಾಗಿರಬೇಕು, ಮತ್ತು ರೋಗ ಕಾರ್ಡಿಗಿಂತ ಹಳೆಯದಾಗಿರಬಾರದು. ದ್ರಾಕ್ಷಾಯಣಿಯ ರೋಗ ಕಾರ್ಡಿಗಿಂತ ನಲವತ್ತು ವರ್ಷ ಹಳೆಯದು. ಹತ್ತನೆಯ ವಯಸ್ಸಿನಲ್ಲಿ ಬಂದ ಕೀಲುಜ್ವರ ಕೀಲು ಬಿಟ್ಟು ಗುಂಡಿಗೆಗೆ ಇಳಿದಿತ್ತು. ಅದಕ್ಕೇ ಆ ಮನೆಯಲ್ಲಿ ‘ಮೊದಲಿನಿಂದಲೂ’ ಎಂಬ ಮಾತನ್ನು ಯಾರೂ ಯಾವುದಕ್ಕೂ ಬಳಸುತ್ತಿರಲಿಲ್ಲ. ದ್ರಾಕ್ಷಾಯಣಿ ಅರ್ಧ ವಾಕ್ಯ ಹೇಳಿ, ನಿಂತು, ಸದ್ದಿಲ್ಲದೆ ಉಸಿರೆಳೆದುಕೊಂಡು ಉಳಿದರ್ಧ ಹೇಳುತ್ತಿದ್ದಳು. ಓಗೊ ಇದನ್ನು ವಿಚಾರ ಮಾಡಿ ಮಾತಾಡುವ ಹೆಂಗಸಿನ ಲಕ್ಷಣ ಎಂದು ತಿಳಿದು ಹೆಚ್ಚಿನ ಅಂಕ ಕೊಟ್ಟಿತ್ತು.

ಆದರೆ ಒಂದು ಊರು ಜಗಳವಾಡದೆ ಎಷ್ಟು ದಿನ ಬದುಕೀತು? ಫಕ್ಕೀರಪ್ಪನದು ಹಿಟ್ಟಿನ ಗಿರಣಿ. ಎರಡು ಕಲ್ಲು, ಒಂದು ಮೋಟಾರು. ಮೋಟಾರು ಹಚ್ಚಿದರೆ ಪಕ್ಕದವನ ಮಾತು ಪಕ್ಕದವನಿಗೆ ಕೇಳುತ್ತಿರಲಿಲ್ಲ. ಕಿವಿಗೆ ಬಾಯಿ ಹಚ್ಚಿ ಹೇಳಬೇಕು. ಮೊದಲು ಬಂದದ್ದು ಒಬ್ಬ ಹೈಸ್ಕೂಲ್ ಮಾಸ್ತರ ಮತ್ತು ಅವನ ಹೆಂಡತಿ, ಅರ್ಧ ಕಿಲೊ ಜೋಳ ಹಿಡಿದು. ಅರ್ಧ ಕಿಲೊಗೆ ಇಬ್ಬರೇಕೆ ಎಂದು ಫಕ್ಕೀರಪ್ಪ ಅಂದುಕೊಳ್ಳುವಷ್ಟರಲ್ಲಿ ಕಲ್ಲು ತಿರುಗಿತು, ಮಾಸ್ತರನ ಹೆಂಡತಿ ಗಂಡನ ಕಿವಿಗೆ ಬಾಯಿ ಹಚ್ಚಿ ಎರಡು ವರ್ಷದ್ದನ್ನೆಲ್ಲ ಸುರಿದಳು. ಹಿಟ್ಟಾದ ಮೇಲೆ ಇಬ್ಬರೂ ಹಗುರಾಗಿ, ದಯವಿಟ್ಟು ನೀವು ಮುಂದೆ ನಡೆಯಿರಿ ಎನ್ನುತ್ತ ಮನೆಗೆ ಹೋದರು.

ತಿಂಗಳೊಳಗೆ ಊರಿಗೆಲ್ಲ ಗೊತ್ತಾಯಿತು. ಬೆಳಗಾದರೆ ಡಬ್ಬಿಗಳ ಪಾಳಿ ಮೂಲೆಯ ಚಹದಂಗಡಿ ದಾಟುತ್ತಿತ್ತು. ಗಂಡ ಹೆಂಡಿರ ಸಣ್ಣ ಮುನಿಸಿಗೆ ಅರ್ಧ ಕಿಲೊ ಜೋಳ, ನಾದಿನಿಯ ಚಾಡಿಗೆ ಎರಡು ಕಿಲೊ ಗೋಧಿ, ಆಸ್ತಿಯ ಮಾತಿಗೆ ಚೀಲ ಎಂದು ತಾನಾಗಿಯೇ ಲೆಕ್ಕ ಬಿತ್ತು. ಕಾಳು ತೀರಿದ ಮನೆಯವರು ನಿನ್ನೆ ಬೀಸಿದ ಹಿಟ್ಟನ್ನೇ ತಂದು ಮತ್ತೆ ಬೀಸಿಸತೊಡಗಿದರು. ಹಿಟ್ಟು ಸುಣ್ಣದ ಪುಡಿಯಂತಾಗಿ, ಬೆಟಗೇರಿಯ ಹೆಂಗಸರು ತಟ್ಟಿದ ರೊಟ್ಟಿ ಕಲ್ಲಿನ ಮೇಲೆಯೇ ಬಿರಿದು ನಾಲ್ಕು ಹೋಳಾಗುತ್ತಿತ್ತು. ಯಾರೂ ದೂರಲಿಲ್ಲ. ಮನೆಯಲ್ಲಿ ದೂರುವಂತಿರಲಿಲ್ಲ.

ದ್ರಾಕ್ಷಾಯಣಿಯ ಪಾಳಿ ಮಂಗಳವಾರ ಹನ್ನೊಂದು ಗಂಟೆಗೆ. ಅವಳು ದಾರಿಯಲ್ಲಿ ಮೂರು ಕಡೆ ಕೂತು ಎದ್ದು ಬಂದು ಸ್ಟೂಲಿನ ಮೇಲೆ ಕುಳಿತ ಮೇಲೆ ಫಕ್ಕೀರಪ್ಪ ಕಾಳು ಸುರಿಯುತ್ತಿದ್ದ. ಆ ಹತ್ತು ನಿಮಿಷದಲ್ಲಿ ಅವರು ವಾರದ ಸಂಸಾರ ಮಾಡಿ ಮುಗಿಸುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಹುಬ್ಬಳ್ಳಿಯಿಂದ ಓಗೊ ಕಂಪನಿಯ ಇಂಜಿನಿಯರ್ ರೋಹಿಣಿ ಜಾಲಿಹಾಳ ಎಂಬ ಹೆಣ್ಣುಮಗಳು ಬಂದಳು. ಮೂವತ್ತರ ಒಳಗಿನವಳು, ಫಕ್ಕೀರಪ್ಪನನ್ನು ಸ್ವಂತ ಚಿಕ್ಕಪ್ಪನಂತೆ ಕಾಕಾರ ಎಂದೇ ಮಾತಾಡಿಸಿದಳು. ಗಿರಣಿಯನ್ನು ಸುತ್ತು ಹಾಕಿ ನೋಡಿದಳು, ಮೋಟಾರಿನ ಮೈ ಮುಟ್ಟಿದಳು. ಅವಳ ಹತ್ತಿರ ಅಂಗಿಯ ಗುಂಡಿಯಷ್ಟು ಸಣ್ಣದೊಂದು ಯಂತ್ರವಿತ್ತು. ಅದನ್ನು ಮೋಟಾರಿಗೆ ಅಂಟಿಸಿದರೆ ಬೇರಿಂಗ್ ಯಾವಾಗ ಹೋಗುತ್ತದೆ, ಕಲ್ಲಿಗೆ ಉಳಿಯೇಟು ಯಾವಾಗ ಹಾಕಿಸಬೇಕು ಎಂದು ವಾರ ಮೊದಲೇ ಹೇಳುತ್ತದಂತೆ. ಹೇಳುವುದಕ್ಕೆ ಗೋಡೆಯ ಮೇಲೊಂದು ಓಗೊ ತಟ್ಟೆ ಬೇಕಾಗುತ್ತದೆ. ಎರಡೂ ಪುಕ್ಕಟೆ.

ಫಕ್ಕೀರಪ್ಪ ಇಪ್ಪತ್ತಾರು ವರ್ಷದಿಂದ ಕಲ್ಲಿನ ಹದವನ್ನು ಕಿವಿಯಿಂದಲೇ ತಿಳಿಯುತ್ತಿದ್ದವನು. ಆದರೆ ಅದೇ ಗದ್ದಲ ಅವನ ಕಿವಿಯನ್ನು ಅರ್ಧ ತಿಂದು ಹಾಕಿತ್ತು. ಹಿಂದಿನ ತಿಂಗಳು ಕಲ್ಲಿಗೆ ಕಲ್ಲು ತಾಗಿದ್ದು ತಿಳಿಯದೆ ಓಣಿಗೆಲ್ಲ ಹರಳು ತಿನ್ನಿಸಿದ್ದ. ಜನ ಬಾಯಲ್ಲಿ ಹರಳು ಕಟಕಟ ಎಂದರೂ ಆಹಾ ಎಂದು ಉಂಡಿದ್ದರು, ಅವನಿಗೇ ನಾಚಿಕೆಯಾಗಿತ್ತು. ಆದರೂ ಒಂದು ಮಾತು ಕೇಳಿದ: ಇದು ಜನರ ಮಾತು ಕೇಳುತ್ತದೇನು?

“ಇದು ಮೋಟಾರಿನ ಮೈಗೆ ಅಂಟಿಕೊಂಡಿರತದ ಕಾಕಾರ. ಮೋಟಾರು ನಡುಗೋದಷ್ಟ ಇದಕ್ಕ ಗೊತ್ತಾಗತದ” ಎಂದಳು ರೋಹಿಣಿ, ಗುಂಡಿಯನ್ನು ಅಂಗೈಯಲ್ಲಿಟ್ಟು ತೋರಿಸಿ.

ಅವಳು ಸುಳ್ಳು ಹೇಳಲಿಲ್ಲ. ತಟ್ಟೆಯ ಬಗ್ಗೆ ಅವನು ಕೇಳಲಿಲ್ಲ. ಕೇಳುವ ಅಗತ್ಯವೂ ಅವನಿಗೆ ಕಾಣಲಿಲ್ಲ. ಹೆಂಡತಿ ಕಿವಿಯಲ್ಲಿ ಬಾಯಿಟ್ಟು ಹೇಳಿದ್ದು ತನಗೇ ನಾಲ್ಕಕ್ಕೆ ಮೂರು ಕೇಳುವುದಿಲ್ಲ, ಹತ್ತು ಅಡಿ ದೂರದ ಗೋಡೆಗೇನು ಕೇಳೀತು ಎಂದು ಅಂದುಕೊಂಡ.

ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು. ಎರಡನೆಯ ವಾರವೇ ಬೇರಿಂಗ್ ಬಿಸಿಯಾಗುತ್ತಿದೆ ಎಂದು ಎಚ್ಚರಿಸಿ ಮೋಟಾರು ಉಳಿಸಿತು. ಕಂಪನಿಯವರು ಸಣ್ಣ ಉದ್ದಿಮೆಯ ಸಾಧಕ ಎಂದು ಅವನನ್ನು ಹುಬ್ಬಳ್ಳಿಗೆ ಕರೆಸಿ ಶಾಲು ಹೊದಿಸಿದರು. ಆಮೇಲೆ ರೋಹಿಣಿ ಅವನನ್ನು ಒಳಗಿನ ದೊಡ್ಡ ಕೋಣೆಗೆ ಕರೆದೊಯ್ದಳು. ಒಂದು ಗೋಡೆಯ ತುಂಬ ಏಳು ಜಿಲ್ಲೆಗಳ ನಕಾಶೆ, ಮನೆಗೊಂದು ಚುಕ್ಕೆ. ಹುಬ್ಬಳ್ಳಿ ಹಳದಿ ಸೇವಂತಿಯಂತಿತ್ತು, ನಡುನಡುವೆ ಕೆಂಪು. ಬೆಟಗೇರಿ ಮಾತ್ರ ಒಂದು ಚುಕ್ಕೆ ತಪ್ಪದೆ ಅಚ್ಚ ಹಸಿರು, ಕಡಲೆ ಹೊಲದಂತೆ. ಫಕ್ಕೀರಪ್ಪನಿಗೆ ಎದೆ ಉಬ್ಬಿತು. ಕೋಣೆಯಲ್ಲಿದ್ದ ಹತ್ತು ಜನ ಇಂಜಿನಿಯರುಗಳು ಆ ಹಸಿರನ್ನು ಬೆಳೆಗೆ ರೋಗ ಬಿದ್ದಂತೆ ನೋಡುತ್ತಿದ್ದರು ಎಂಬುದನ್ನು ಅವನು ಗಮನಿಸಲಿಲ್ಲ. ಇಷ್ಟು ಸುಖವಾಗಿರುವ ಊರು ಎಲ್ಲೋ ಏನೋ ಮುಚ್ಚಿಡುತ್ತಿರಬೇಕು ಎಂದು ಅವರ ಲೆಕ್ಕ ಹೇಳಿತ್ತು. ಎರಡು ವರ್ಷದ ಹಿಂದೆ ವಾರಕ್ಕೊಮ್ಮೆ ಗಿರಣಿಗೆ ಹೋಗುತ್ತಿದ್ದವರು ಈಗ ದಿನಕ್ಕೆರಡು ಸಲ ಹೋಗುವುದನ್ನೂ ಅದೇ ಲೆಕ್ಕ ತೋರಿಸಿತ್ತು.

ಮುಂದಿನ ಮಂಗಳವಾರ ದ್ರಾಕ್ಷಾಯಣಿ ಗಿರಣಿಗೆ ಬಂದಾಗ ಮುಖ ಬೂದಿಯಂತಿತ್ತು. ಕೂತವಳು ಐದು ನಿಮಿಷ ಉಸಿರು ಕೂಡಿಸಿಕೊಂಡಳು. ಫಕ್ಕೀರಪ್ಪ ಎರಡನೆಯ ಕಲ್ಲನ್ನೂ ಹಚ್ಚಿ ಬಂದು ಬಗ್ಗಿ ನಿಂತ.

“ನಿನ್ನಿ ನೀರಿನ ಕೊಡ ಎತ್ತಾಕ ಹೋದ್ನ್ಯಾ, ಕಣ್ಣಿಗೆ ಕತ್ತಲಿ ಬಂತರೀ” ಎಂದಳು.

“ಮದಿವ್ಯಾದ ವರ್ಷ ಭೀಷ್ಮ ಕೆರಿ ದಂಡಿ ಮ್ಯಾಲೆ ಕುಂತಬಿಟ್ಟಿದ್ದೆಲ್ಲ, ಹಂಗನ?”

“ಅದಕ್ಕಿಂತ ಜೋರ. ಸಣ್ಣಾಕಿ ಇದ್ದಾಗಿಂದ ಇಷ್ಟ ಜೋರ ಬಂದಿದ್ದಿಲ್ಲ.”

“ಇನ್ನ ಮೂರ ತಿಂಗಳಾ. ತಡಕೋ.”

“ನಾ ತಡಕೋತೀನ್ರಿ” ಎಂದು ಅವಳು ಎದೆಯ ಮೇಲೆ ಬೆರಳಿಟ್ಟಳು. “ಇದಕ್ಕೊಂದೀಟ ನೀವ ಹೇಳ್ರಿ.”

ಹತ್ತು ದಿನ ಬಿಟ್ಟು ಹುಬ್ಬಳ್ಳಿಯಿಂದ ಮತ್ತೆ ಕರೆ ಬಂತು. ಇನ್ನೊಂದು ಶಾಲು ಇರಬೇಕೆಂದು ಫಕ್ಕೀರಪ್ಪ ಒಗೆದ ಧೋತರ ಉಟ್ಟು ಹೋದ. ಈ ಸಲ ದೊಡ್ಡ ಕೋಣೆಯಲ್ಲ. ಹತ್ತಿ ತುಂಬಿದ ಗೋಡೆಗಳ ಸಣ್ಣ ಕೋಣೆ, ಎರಡು ಕುರ್ಚಿ, ರೋಹಿಣಿ ಒಬ್ಬಳೇ. ಅವಳು ಮೇಜಿನ ಮೇಲಿನ ಯಂತ್ರದ ಒಂದು ಗುಂಡಿ ಒತ್ತಿದಳು. ಗಿರಣಿಯ ಗದ್ದಲ ಕೋಣೆಯ ತುಂಬ ಎದ್ದಿತು. ಮನೆಯ ಎತ್ತು ಕೂಗಿದಂತೆ ಫಕ್ಕೀರಪ್ಪನಿಗೆ ಗುರುತು ಹತ್ತಿತು.

ಗದ್ದಲದಲ್ಲಿ ಎರಡು ಥರ ಎಂದು ರೋಹಿಣಿ ತಿಳಿಸಿ ಹೇಳಿದಳು. ಸಂತೆಯ ಗದ್ದಲದಲ್ಲಿ ಸಾವಿರ ಬಾಯಿ ಸಾವಿರ ಮಾತಾಡುತ್ತವೆ, ಅದರಲ್ಲಿ ಒಬ್ಬರ ಮಾತು ಹೆಕ್ಕುವುದು ಇನ್ನೂ ಯಾರಿಗೂ ಬರುವುದಿಲ್ಲ. ಗಿರಣಿ ಹಾಗಲ್ಲ. ಅದು ನಿಮಿಷಕ್ಕೆ ಸಾವಿರದ ನಾಲ್ಕುನೂರಾ ನಲವತ್ತು ಸಲ ಅದೇ ಮಾತು ಆಡುತ್ತದೆ. ಮೋಟಾರಿಗೆ ಅಂಟಿಸಿದ ಗುಂಡಿ ಬರೀ ಮೋಟಾರನ್ನು ಕೇಳುತ್ತದೆ, ಗೋಡೆಯ ತಟ್ಟೆ ಎಲ್ಲವನ್ನೂ ಕೇಳುತ್ತದೆ. ಎಲ್ಲದರಿಂದ ಮೋಟಾರನ್ನು ಕಳೆದರೆ ಉಳಿಯುವುದು ಜನ.

ಅವಳು ಇನ್ನೊಂದು ಗುಂಡಿ ಒತ್ತಿದಳು. ಗಿರಣಿ ನಿಂತುಹೋಯಿತು. ನಿಂತ ಗಿರಣಿಯಲ್ಲಿ ಜನ ಮಠದ ಹಜಾರದಲ್ಲಿ ಕೂತವರಂತೆ ಸ್ಪಷ್ಟವಾಗಿ ಮಾತಾಡುತ್ತಿದ್ದರು. ಮಾಸ್ತರನ ಹೆಂಡತಿ ಇದ್ದಳು. ಬಳೆಗಾರ್ತಿ ಹಜರತಬಿ ಅಳಿಯನ ಏಳು ತಲೆಮಾರನ್ನು ಸಾಲಾಗಿ ನಿಲ್ಲಿಸಿ ಬಯ್ಯುತ್ತಿದ್ದಳು. ಆಮೇಲೆ ಭೀಷ್ಮ ಕೆರೆಯ ದಂಡೆಯ ಮಾತು ಬಂತು, ತನ್ನದೇ ದನಿಯಲ್ಲಿ. ಅದರ ಹಿಂದೆ ಒಂದು ಸದ್ದಿತ್ತು. ಕಮ್ಮಾರನ ತೂತು ಬಿದ್ದ ತಿದಿಯನ್ನು ಯಾರೋ ಒತ್ತಿ ಒತ್ತಿ ಬಿಡುವಂಥ ಸದ್ದು. ಇದೇನು ಎಂದು ಕೇಳಲು ಬಾಯಿ ತೆರೆದ ಫಕ್ಕೀರಪ್ಪನಿಗೆ ಅದು ದ್ರಾಕ್ಷಾಯಣಿಯ ಉಸಿರು ಎಂದು ತಿಳಿಯಿತು. ಇಪ್ಪತ್ತೆಂಟು ವರ್ಷ ಜೊತೆಗಿದ್ದವಳ ಉಸಿರು ಇಷ್ಟು ಸದ್ದು ಮಾಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಗಿರಣಿಯಲ್ಲಿ ಅದು ಕೇಳಿಸುತ್ತಿರಲಿಲ್ಲ, ಮನೆಯಲ್ಲಿ ಅವಳು ಕೇಳಿಸಗೊಡುತ್ತಿರಲಿಲ್ಲ.

ರೋಹಿಣಿ ನಿಲ್ಲಿಸಿದಳು. ಮೇಜಿನ ಅಂಚನ್ನು ಉಜ್ಜುತ್ತ ವಿಷಯ ಹೇಳಿದಳು. ಇದು ಇನ್ನೂ ಪರೀಕ್ಷೆಯ ಹಂತ, ಕೇಳಿದ್ದು ಅವಳ ಮೇಜು ದಾಟಿಲ್ಲ. ಗಿರಣಿ ಮನೆಯಲ್ಲ, ಅಂಗಡಿ. ಅಲ್ಲಿ ಬಂದವರ ಮಾತು ತೆಗೆದುಕೊಳ್ಳಬೇಕಾದರೆ ಕಾಯಿದೆಯಂತೆ ಗಿರಣಿ ಯಜಮಾನನ ಒಪ್ಪಿಗೆ ಬೇಕು, ಅದೂ ಅವನ ಬಾಯಿಂದಲೇ.

“ಒಪ್ಪಲಿಲ್ಲಂದ್ರ?” ಎಂದ ಫಕ್ಕೀರಪ್ಪ.

“ತಟ್ಟಿ ತಕ್ಕೊಂಡು ಬರತೀವಿ. ಆದರ ಪರೀಕ್ಷೆ ಮುಗೀತು ಅಂದರ ಇಲ್ಲಿ ತನಕಾ ಪರೀಕ್ಷೆಗಂತ ಕೇಳಿದ್ದಕ್ಕ ಒಪ್ಪಿಗಿ ಬೇಕಿಲ್ಲ, ಅದನ್ನ ನಾ ಮ್ಯಾಲೆ ಕಳಸಬೇಕಾಗತದ. ನಿಮ್ಮ ಮನಿ ಕಾಕೂನ ಮಾತೂ ಅದರಾಗ ಹೋಗತದ.”

“ಒಪ್ಪಿದ್ರ?”

“ಒಪ್ಪಿದವರ ಮನಿ ಮಾತು ನಮೂನಾ ಅಂತ ಇಟಗೋತೀವಿ. ನಮೂನಾ ಯಾರೂ ತಪಾಸ ಮಾಡೂದಿಲ್ಲ. ಆಪರೇಷನ್ ಆಗತದ.”

“ಉಳದ ಮಂದೀದು?”

ಇದನ್ನು ಯಾರಿಗಾದರೂ ಹೇಳಿದರೆ ಒಪ್ಪಂದ ಮುರಿದಂತೆ, ಹೆಂಡತಿಗೂ ಹೇಳುವಂತಿಲ್ಲ ಎಂದಷ್ಟೇ ಹೇಳಿದಳು ರೋಹಿಣಿ. ಫಕ್ಕೀರಪ್ಪ ಹತ್ತಿಯ ಗೋಡೆ ನೋಡಿದ. ಇಲ್ಲಿ ಕೂಗಿದರೂ ಹೊರಗೆ ಕೇಳಿಸುವುದಿಲ್ಲ ಎಂಬುದು ಅವನಿಗೆ ವಿಚಿತ್ರವಾಗಿ ಕಂಡಿತು.

“ಮೇಡಮ್ಮಾರ, ನೀವು ಎಲ್ಲಿ ಜಗಳಾಡ್ತೀರಿ?” ಎಂದು ಕೇಳಿದ.

“ನಾ ಒಬ್ಬಾಕೀನ ಇರತೀನಿ, ಕಾಕಾರ.”

ಒಪ್ಪಿಗೆಯ ಮಾತನ್ನು ಅಚ್ಚು ಮಾಡಿಸಿದ ಕಾಗದ ಅವಳ ಬಳಿಯಿತ್ತು. ಒಂದು ಅಕ್ಷರ ತಪ್ಪಿದರೂ ಯಂತ್ರ ತೆಗೆದುಕೊಳ್ಳುವುದಿಲ್ಲ, ಬಹಳ ಜನರಿಗೆ ನಾಲ್ಕೈದು ಸಲ ಹೇಳಬೇಕಾಗುತ್ತದೆ ಎಂದು ಎಚ್ಚರಿಸಿದಳು. ಫಕ್ಕೀರಪ್ಪ ಕಾಗದ ನೋಡಿ, ಗಂಟಲು ಸರಿಮಾಡಿಕೊಂಡು, “ನಾನು ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಇಚ್ಛೆಯಿಂದ, ನನ್ನ ಗಿರಣಿಯಲ್ಲಿ ಆಡುವ ಎಲ್ಲ ಮಾತುಗಳ ಸಂಗ್ರಹಕ್ಕೆ ಸಮ್ಮತಿಸುತ್ತೇನೆ” ಎಂದ. ಮೊದಲ ಸಲಕ್ಕೇ ಹಸಿರು ದೀಪ ಹತ್ತಿತು. ಮನೆಯಲ್ಲಿ ಎರಡು ವರ್ಷ ಅಭ್ಯಾಸವಾಗಿತ್ತಲ್ಲ.

ಅಲ್ಲಿಂದ ಬೆಟಗೇರಿಯ ಬಣ್ಣ ಬದಲಾಗತೊಡಗಿತು. ಮಾಸ್ತರನ ಮನೆ ಹಳದಿಯಾಯಿತು, ಬಾಡಿಗೆಯ ಮನೆ ಬಿಡಬೇಕಾಯಿತು. ಆಸ್ತಿಯ ಮಾತಿಗೆ ಚೀಲ ತಂದಿದ್ದ ಅಣ್ಣತಮ್ಮಂದಿರ ಮೂರು ಮನೆ ಒಂದೇ ವಾರದಲ್ಲಿ ಕೆಂಪಾದವು. ಜನರಿಗೆ ದಿಕ್ಕು ತೋಚಲಿಲ್ಲ. ಮನೆಯಲ್ಲಿ ಚಕಾರ ಎತ್ತಿಲ್ಲ, ಹಾಗಾದರೆ ಹೇಳಿದವರು ಯಾರು? ಮನೆಯವರೇ ಯಾರೋ ಓಗೊ ಮುಂದೆ ಕೂತು ಚಾಡಿ ಹೇಳುತ್ತಿರಬೇಕು. ಅತ್ತೆ ಸೊಸೆಯ ಮೇಲೆ, ಅಪ್ಪ ಮಗನ ಮೇಲೆ ಸಂಶಯಪಟ್ಟರು. ಸಂಶಯ ಹೆಚ್ಚಾದಂತೆ ಜಗಳಕ್ಕೆ ಕಾರಣ ಹೆಚ್ಚಾಯಿತು, ಜಗಳ ಹೆಚ್ಚಾದಂತೆ ಗಿರಣಿಯ ಪಾಳಿ ಉದ್ದವಾಯಿತು. ಫಕ್ಕೀರಪ್ಪ ಮೂರನೆಯ ಕಲ್ಲು ಕೂಡಿಸಬೇಕಾಯಿತು.

ಒಂದು ದಿನ ಹಜರತಬಿ ಖಾಲಿ ಕೈಯಲ್ಲಿ ಬಂದಳು. ಮೊಮ್ಮಗಳಿಗೆ ಸಿಕ್ಕಿದ್ದ ನರ್ಸಿಂಗ್ ಕಾಲೇಜಿನ ಸೀಟು ಮನೆ ಕೆಂಪಾಯಿತೆಂದು ಹೋಗಿಬಿಟ್ಟಿತ್ತು. ಹುಡುಗಿ ಮೂರು ದಿನದಿಂದ ಉಂಡಿರಲಿಲ್ಲ. ಹಜರತಬಿಗೆ ಬೀಸಲು ಏನೂ ಇರಲಿಲ್ಲ, ಬೇರೆಯವರ ಜೋಳ ಬೀಳುತ್ತಿದ್ದ ಕಲ್ಲಿನ ಪಕ್ಕ ನಿಂತು ಫಕ್ಕೀರಪ್ಪನ ಕಿವಿಗೆ ಬಾಯಿಟ್ಟಳು.

“ಮನ್ಯಾಗ ಯಾರ ಮುಂದ ಬಾಯಿ ತಗೀಬೇಕಂದ್ರೂ ಅಂಜಿಕಿ ಬರತೈತೋ ಫಕ್ಕೀರಪ್ಪ. ಸೊಸಿ ಮ್ಯಾಲ ಸೌಂಶಯ ಐತಿ. ಖರೇ ಮಾತಾಡಾಕ ನಿನ್ನ ಗಿರಣಿ ಒಂದ ಉಳದೈತಿ ನೋಡು.”

ಅವಳು ಸೊಸೆಯ ಬಗ್ಗೆ ಕಾಲು ಗಂಟೆ ಹೇಳಿದಳು. ನಡುವೆ ಫಕ್ಕೀರಪ್ಪ ಎರಡು ಸಲ ಅವಳ ಭುಜ ಹಿಡಿದು ಹೊರಗೆ ಕಳಿಸಲು ನೋಡಿದ. ಇವನು ಸಮಾಧಾನ ಮಾಡುತ್ತಿದ್ದಾನೆ ಎಂದುಕೊಂಡು ಅವಳು ಇನ್ನಷ್ಟು ಅತ್ತು ಇನ್ನಷ್ಟು ಹೇಳಿದಳು. ಮರುವಾರ ಸೊಸೆ ತವರಿಗೆ ಹೋದ ಸುದ್ದಿ ಬಂತು.

ದ್ರಾಕ್ಷಾಯಣಿಯ ಆಪರೇಷನ್ ಹೇಳಿದ ದಿನಕ್ಕೆ ಹೇಳಿದ ಹೊತ್ತಿಗೆ ಆಯಿತು. ಡಾಕ್ಟರು ಒಳ್ಳೆಯವರು, ವಾಲ್ವು ಒಳ್ಳೆಯದು. ಮೂರು ತಿಂಗಳು ಅವಳು ಮನೆಯಲ್ಲಿ ಮಲಗಿ ಎದ್ದಳು. ಈಗ ಅವಳ ಉಸಿರು ಎಲ್ಲೂ ನಿಲ್ಲುತ್ತಿರಲಿಲ್ಲ, ಇಡೀ ವಾಕ್ಯ ಒಂದೇ ದಮ್ಮಿಗೆ ಹೇಳುತ್ತಿದ್ದಳು. ಹಾಗಾಗಿ ಓಗೊ ಅವಳಿಗೆ ಕೊಡುತ್ತಿದ್ದ ಹೆಚ್ಚಿನ ಅಂಕ ನಿಲ್ಲಿಸಿತು. ಹಜರತಬಿ ಒಮ್ಮೆ ನೋಡಲು ಬಂದು, ತಾವು ಆರೋಗ್ಯವಾಗಿರುವುದು ಸಂತೋಷ ತಂದಿದೆ ಎಂದು ಹೇಳಿ, ಸುಮ್ಮನೆ ಅವಳ ಕೈ ಹಿಡಿದು ಅರ್ಧ ಗಂಟೆ ಕೂತು ಹೋಗಿದ್ದಳು. ಆ ಕೈಯಿಂದ ದ್ರಾಕ್ಷಾಯಣಿಗೆ ಏನು ತಿಳಿಯಿತೋ, ಅವತ್ತಿನಿಂದ ಗಂಡನ ಮುಖವನ್ನು ಊಟ ಬಡಿಸುವಾಗ ನಿಂತು ನೋಡುತ್ತಿದ್ದಳು.

ಡಾಕ್ಟರು ನಡೆದಾಡಬಹುದು ಎಂದ ಮರುದಿನ ಅವಳು ಡಬ್ಬಿ ಹಿಡಿದು ಗಿರಣಿಗೆ ಬಂದಳು. ಎಲ್ಲೂ ಕೂರದೆ ಬಂದಿದ್ದಳು. ಮಧ್ಯಾಹ್ನದ ಊಟದ ಹೊತ್ತು, ಜನ ಇರಲಿಲ್ಲ, ಕಲ್ಲು ನಿಂತಿದ್ದವು. ಫಕ್ಕೀರಪ್ಪ ಎದ್ದು ನಿಂತ. ಅವಳು ಡಬ್ಬಿಯನ್ನು ಅವನ ಮುಂದಿಟ್ಟು ಸ್ಟೂಲು ಎಳೆದುಕೊಂಡಳು.

“ಗಿರಣಿ ಹಚ್ಚರಿ. ಮಾತಾಡೂದೈತಿ.”

ಫಕ್ಕೀರಪ್ಪ ಸ್ವಿಚ್ಚಿನ ಕಡೆ ನೋಡಿದ, ಗೋಡೆಯ ತಟ್ಟೆಯ ಕಡೆ ನೋಡಲಿಲ್ಲ. ಮೂರು ತಿಂಗಳಿಂದ ಕೂಡಿಟ್ಟುಕೊಂಡು ಬಂದ ಮಾತು ಅವಳ ಗಂಟಲಿನವರೆಗೆ ಬಂದಿರುವುದು ಅವನಿಗೆ ಕಾಣುತ್ತಿತ್ತು. ಅದನ್ನು ತಾನು ಕೇಳದಿರಲು, ತಟ್ಟೆಗೆ ಕೇಳಿಸದಿರಲು ಅವನಿಗೆ ಒಂದೇ ಸುಳ್ಳು ಹೊಳೆಯಿತು.

“ಕರೆಂಟ್ ಇಲ್ಲ” ಎಂದ.

ಅವಳು ತಲೆಯೆತ್ತಿದಳು. ಇಬ್ಬರ ನೆತ್ತಿಯ ಮೇಲೆ, ಹಿಟ್ಟು ಮೆತ್ತಿದ ಬಲ್ಬು ಉರಿಯುತ್ತಿತ್ತು.

“ಲೈಟ್ ಹತ್ತೇತಲ್ರೀ.”

ಅವಳು ಬಲ್ಬನ್ನು ನೋಡಿದಳು, ಗೋಡೆಯ ಮೇಲಿನ ತಟ್ಟೆಯನ್ನು ನೋಡಿದಳು, ಮೋಟಾರಿನ ಮೈಗಂಟಿದ ಗುಂಡಿಯನ್ನು ನೋಡಿದಳು. ಕೊನೆಗೆ ತನ್ನ ಎದೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು, ಅದು ಯಾರದೋ ಸಾಮಾನು ತನ್ನ ಹತ್ತಿರ ಉಳಿದುಬಿಟ್ಟಿದೆ ಎನ್ನುವಂತೆ, ಒಂದು ಗಳಿಗೆ ನಿಂತಳು. ಆಮೇಲೆ ಡಬ್ಬಿ ಎತ್ತಿಕೊಂಡು ಹೊರಟಳು. ಫಕ್ಕೀರಪ್ಪ ಬಾಗಿಲಲ್ಲಿ ನಿಂತು ನೋಡಿದ. ಓಣಿಯ ತುದಿಯವರೆಗೂ ಅವಳು ಎಲ್ಲೂ ನಿಲ್ಲಲಿಲ್ಲ. ಡಾಕ್ಟರ ಕೆಲಸ ನಿಜಕ್ಕೂ ಚೆನ್ನಾಗಿತ್ತು.

ಅವತ್ತು ಸಂಜೆ ಅವನು ಮನೆಗೆ ಬಂದಾಗ ದ್ರಾಕ್ಷಾಯಣಿ ಗೋಡೆಯ ಮುಂದೆ ನಿಂತು, ಮೆಲ್ಲಗೆ, ಒಂದೂ ತಪ್ಪಿಲ್ಲದೆ, ಐದು ಕಿಲೊ ಜೋಳದ ಹಿಟ್ಟಿನ ಪ್ಯಾಕೆಟ್ಟು ಕಳಿಸಿಕೊಡುವಂತೆ ಓಗೊಗೆ ಹೇಳುತ್ತಿದ್ದಳು. ಪ್ರತಿ ತಿಂಗಳೂ ಕಳಿಸಬೇಕೇ ಎಂದು ಅದು ಕೇಳಿತು.

“ಹೌದು, ಪ್ರತಿ ತಿಂಗಳೂ” ಎಂದಳು.